ಒಂದು ನಟ್ ಬಿಚ್ಚಲು ಪರ್ಮಿಟ್ ಯಾಕೆ? ಸಮುದ್ರದ ತೈಲ ಬಾವಿಗಳ ಸುರಕ್ಷಾ ನಿಯಮಗಳು ಬಂದ ದಾರಿ

ಪ್ರಶ್ನೆ: ನನ್ನ ತಮ್ಮ ಮುಂಬೈ ಹೈ ಎಂಬ ಸಮುದ್ರದ ತೈಲ ಕ್ಷೇತ್ರದ ಕಡೆ ಒಂದು ಪ್ಲಾಟ್‌ಫಾರ್ಮ್‌ನಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿ ಸೇರಿದ್ದಾನೆ. ಒಂದು ನಟ್ ಬಿಚ್ಚಬೇಕಾದರೂ ಪರ್ಮಿಟ್, ಅಂದರೆ ಬರಹದ ಅನುಮತಿ, ಬೇಕಂತೆ. ಹೆಲಿಕಾಪ್ಟರ್ ಹತ್ತಿಸುವ ಮೊದಲು ನೀರಲ್ಲಿ ಮುಳುಗಿಸಿ ಟ್ರೈನಿಂಗ್ ಕೊಟ್ಟರಂತೆ. ಈ ನಿಯಮಗಳೆಲ್ಲ ಮೊದಲಿಂದಲೂ ಇದ್ದವಾ? ಯಾರು ಮಾಡಿದ್ದು? ನಿಜಕ್ಕೂ ಉಪಯೋಗ ಇದೆಯಾ, ಇಲ್ಲ ಕಂಪನಿಗಳು ನಾಳೆ ಕೋರ್ಟಿಗೆ ತೋರಿಸಲು ಗುಡ್ಡೆ ಹಾಕುವ ಕಾಗದಾನಾ? (ಉಡುಪಿ ಕಡೆಯ ಓದುಗರು)

ಉತ್ತರ: ಮೊದಲಿಂದ ಇರಲಿಲ್ಲ. ಒಂದೊಂದು ನಿಯಮದ ಹಿಂದೆಯೂ ಒಂದು ಸಾವಿನ ಪಟ್ಟಿ ಇದೆ ಎಂದು ನಮ್ಮ ವೃತ್ತಿಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ನಿಜವೇ, ಆದರೆ ಅರ್ಧ ನಿಜ. ಜನ ಸತ್ತ ಕೂಡಲೇ ನಿಯಮ ಬಂದುಬಿಡುವುದಿಲ್ಲ. ಬಂದ ನಿಯಮವೂ ಎಷ್ಟೋ ಸಲ ಬೇರೆ ಯಾವುದೋ ತಪ್ಪನ್ನು ತಡೆಯುತ್ತಿರುತ್ತದೆ. ನಿಮ್ಮ ಕೊನೆಯ ಪ್ರಶ್ನೆ, ಅಂದರೆ ಕಾಗದಾನಾ ಅನ್ನೋದು, ಅದಕ್ಕೇ ಒಳ್ಳೆಯ ಪ್ರಶ್ನೆ. ನನ್ನ ಪ್ರಕಾರ ಉತ್ತರ ಎರಡು ವಿಷಯಗಳ ಮೇಲೆ ನಿಂತಿದೆ. ಸುರಕ್ಷಿತ ಎಂದು ಸಾಬೀತು ಮಾಡುವ ಹೊಣೆ ಯಾರ ತಲೆ ಮೇಲಿದೆ? ಅದನ್ನು ನೋಡುವ ಅಧಿಕಾರಿ ಯಾರ ಮನೆಯ ಊಟ ಮಾಡುತ್ತಾನೆ? ಅರವತ್ತು ವರ್ಷದ ಕಥೆಯೆಲ್ಲ ಇವೆರಡರ ಸುತ್ತಲೇ ತಿರುಗುತ್ತದೆ. ಇದು ಹೆಚ್ಚಾಗಿ ಉತ್ತರ ಸಮುದ್ರದ ಕಥೆ, ಅಂದರೆ ಬ್ರಿಟನ್ ಮತ್ತು ನಾರ್ವೆ ನಡುವಿನ ಆ ಕೆಟ್ಟ ಚಳಿಯ ನೀರಿನದು. ನಿಮ್ಮ ತಮ್ಮ ಇವತ್ತು ಮಾಡುವ ಎಷ್ಟೋ ಪದ್ಧತಿಗಳು ಈ ರೂಪಕ್ಕೆ ಬಂದದ್ದು ಅಲ್ಲೇ.

1964ರಲ್ಲಿ ಬ್ರಿಟನ್ ತನ್ನ ಸಮುದ್ರತಳದಲ್ಲಿ ತೈಲ, ಅನಿಲ ಹುಡುಕಲು ಕಾನೂನು ಮಾಡಿ ಲೈಸೆನ್ಸ್ ಹಂಚಿತು. ಅವಸರ ಇತ್ತು, ದುಡ್ಡು ಬೇಕಿತ್ತು. ಸುರಕ್ಷತೆ ಬಗ್ಗೆ ಲೈಸೆನ್ಸಿನಲ್ಲಿ ಇದ್ದದ್ದು ಇಷ್ಟೇ: ಉದ್ಯಮದವರೇ ಬರೆದುಕೊಂಡ ಒಂದು ಮಾದರಿ ಸಂಹಿತೆಯನ್ನು ಪಾಲಿಸಿ ಅಂತ. ಪಾಲಿಸದಿದ್ದರೆ? ಲೈಸೆನ್ಸ್ ರದ್ದು ಮಾಡಬಹುದಿತ್ತು, ಬೇರೆ ಯಾವ ಶಿಕ್ಷೆಯೂ ಇರಲಿಲ್ಲ. ಗ್ಯಾಸ್ ಹುಡುಕಿಕೊಡುತ್ತಿರುವ ಕಂಪನಿಯ ಲೈಸೆನ್ಸನ್ನು ಯಾವ ಸರ್ಕಾರ ರದ್ದು ಮಾಡುತ್ತೆ, ಹೇಳಿ?

1965ರ ಸೆಪ್ಟೆಂಬರ್‌ನಲ್ಲಿ ಬಿಪಿ ಕಂಪನಿಯ ಸೀ ಜೆಮ್ ಎಂಬ ರಿಗ್ ಬ್ರಿಟನ್ ಪಾಲಿನ ಸಮುದ್ರದಲ್ಲಿ ಮೊದಲ ಸಲ ಗ್ಯಾಸ್ ಕಂಡುಹಿಡಿಯಿತು. ದೊಡ್ಡ ಸಂಭ್ರಮ. ಅದು ನಿಜವಾಗಿ ರಿಗ್ ಆಗಿ ಹುಟ್ಟಿದ್ದೇ ಅಲ್ಲ. ಹಳೆಯ ಉಕ್ಕಿನ ಬಾರ್ಜ್ ಒಂದಕ್ಕೆ ಹತ್ತು ಕಾಲು ಜೋಡಿಸಿ ಮಾಡಿದ ಜಾಕ್-ಅಪ್, ಅಂದರೆ ಕಾಲನ್ನು ಸಮುದ್ರತಳಕ್ಕೆ ಊರಿ ನೀರಿನ ಮೇಲೆ ಎದ್ದು ನಿಲ್ಲುವಂಥದ್ದು. ಅದೇ ವರ್ಷ ಡಿಸೆಂಬರ್ 27ರಂದು, ಬೇರೆ ಜಾಗಕ್ಕೆ ಸಾಗಿಸಲು ಅದನ್ನು ಕೆಳಗಿಳಿಸುವ ತಯಾರಿಯಲ್ಲಿದ್ದಾಗ ಕಾಲುಗಳು ಕುಸಿದವು. ಬಾರ್ಜನ್ನು ಕಾಲಿಗೆ ಹಿಡಿದಿದ್ದ ಉಕ್ಕಿನ ಪಟ್ಟಿಗಳು ಚಳಿಗೆ ಗಾಜಿನ ಹಾಗೆ ಮುರಿದಿದ್ದವು. ರೇಡಿಯೋ ಕೋಣೆಯೇ ಸಮುದ್ರಕ್ಕೆ ಬಿತ್ತು, ಹಾಗಾಗಿ ಸಹಾಯ ಕೇಳಲೂ ಆಗಲಿಲ್ಲ. ಹತ್ತಿರದಲ್ಲಿ ಹೋಗುತ್ತಿದ್ದ ಸರಕು ಹಡಗೊಂದು ನೋಡಿದ್ದರಿಂದ ಸುದ್ದಿ ಹೊರಗೆ ಬಂತು. 32 ಜನರಲ್ಲಿ 13 ಜನ ಸತ್ತರು.

ತನಿಖೆ ನಡೆಸಿದವರಿಗೆ ಬೇಗ ಗೊತ್ತಾದ ಸಂಗತಿ ಏನೆಂದರೆ, ತಪ್ಪಿತಸ್ಥರು ಸಿಕ್ಕರೂ ಶಿಕ್ಷಿಸಲು ಕಾನೂನೇ ಇಲ್ಲ. ಇನ್ನೊಂದು, ಹಡಗಿಗೆ ಕ್ಯಾಪ್ಟನ್ ಇದ್ದ ಹಾಗೆ ರಿಗ್ಗಿಗೆ ಒಬ್ಬ ಜವಾಬ್ದಾರ ಇಲ್ಲ. ನಿಮ್ಮ ತಮ್ಮನ ಪ್ಲಾಟ್‌ಫಾರ್ಮ್‌ನಲ್ಲಿ ಓಐಎಂ ಅಂತ ಒಬ್ಬರನ್ನು ಕರೆಯುತ್ತಾರಲ್ಲ, ಆಫ್‌ಶೋರ್ ಇನ್‌ಸ್ಟಲೇಷನ್ ಮ್ಯಾನೇಜರ್, ಆ ಹುದ್ದೆಗೆ ಬ್ರಿಟನ್ನಿನಲ್ಲಿ ಕಾನೂನಿನ ಬಲ ಬಂದದ್ದು ಈ 13 ಸಾವುಗಳಿಂದ. ಆದರೆ ಕಾನೂನು ಆಗಿದ್ದು ಯಾವಾಗ? 1971ರಲ್ಲಿ. ದುರಂತ ಆಗಿ ಐದು ವರ್ಷ ಕಳೆದ ಮೇಲೆ.

ಆ 1971ರ ಕಾನೂನು ಪಟ್ಟಿ ಮಾಡುವ ಕಾನೂನು. ಲೈಫ್‌ಬೋಟ್ ಎಷ್ಟಿರಬೇಕು, ಬೆಂಕಿ ಆರಿಸುವ ಸಾಮಾನು ಏನಿರಬೇಕು, ಕಟ್ಟಡದ ಗಟ್ಟಿತನಕ್ಕೆ ಯಾರಿಂದ ಸರ್ಟಿಫಿಕೇಟ್ ತರಬೇಕು, ಹೀಗೆ ಒಂದೊಂದೇ ನಿಯಮ ಅದರ ಕೆಳಗೆ ಬಂತು. ಇನ್‌ಸ್ಪೆಕ್ಟರ್ ಬಂದು ಪಟ್ಟಿ ನೋಡಿ ಟಿಕ್ ಹಾಕಿ ಹೋಗುತ್ತಾನೆ. ನಮ್ಮಲ್ಲಿ ಬಸ್ಸಿಗೆ ಆರ್‌ಟಿಓ ಎಫ್‌ಸಿ ಕೊಡುತ್ತಾರಲ್ಲ, ಹಾಗೆ. ಲೈಟ್ ಉರಿಯುತ್ತಾ, ಟೈರ್ ಸವೆದಿದೆಯಾ, ಬ್ರೇಕ್ ಹಿಡಿಯುತ್ತಾ, ಎಲ್ಲ ನೋಡುತ್ತಾರೆ. ಆದರೆ ಜುಲೈ ತಿಂಗಳ ರಾತ್ರಿ ಶಿರಾಡಿ ಘಾಟಿಯಲ್ಲಿ ಮಳೆ ಸುರಿಯುತ್ತಿರುವಾಗ ಬ್ರೇಕ್ ಕೈಕೊಟ್ಟರೆ ಏನು ಮಾಡ್ತೀಯ ಅಂತ ಯಾರೂ ಕೇಳುವುದಿಲ್ಲ. ಪಟ್ಟಿಯಲ್ಲಿ ಇರುವುದೆಲ್ಲ ಸರಿ ಇದ್ದು, ಪಟ್ಟಿಯಲ್ಲಿ ಇಲ್ಲದ್ದು ನಡೆದರೆ ಯಾರ ತಲೆಗೂ ಬರುವುದಿಲ್ಲ. ಇದು ಮೊದಲ ತೊಂದರೆ.

ಎರಡನೇ ತೊಂದರೆ ಇನ್ನೂ ದೊಡ್ಡದು. ಸಮುದ್ರದ ಸುರಕ್ಷತೆಯನ್ನು ನೋಡುತ್ತಿದ್ದವರು ಇಂಧನ ಇಲಾಖೆಯವರು. ಆದಷ್ಟು ಬೇಗ, ಆದಷ್ಟು ಜಾಸ್ತಿ ತೈಲ ತೆಗೆಸುವುದು ಕೂಡ ಅದೇ ಇಲಾಖೆಯ ಕೆಲಸ. 1974ರಲ್ಲಿ ಬ್ರಿಟನ್ನಿನ ಕಾರ್ಖಾನೆಗಳಿಗೆಲ್ಲ ಹೊಸ ಸುರಕ್ಷಾ ಕಾನೂನು ಬಂತು, ಅದನ್ನು ನೋಡಿಕೊಳ್ಳಲು ಎಚ್‌ಎಸ್‌ಇ ಎಂಬ ಬೇರೆಯೇ ಸಂಸ್ಥೆ ಬಂತು. ಕೆಲವು ವರ್ಷದಲ್ಲಿ ಆ ಕಾನೂನನ್ನು ಸಮುದ್ರಕ್ಕೂ ವಿಸ್ತರಿಸಿದರು. ಆದರೆ ಜಾರಿ ಮಾಡುವ ಕೆಲಸ ಮಾತ್ರ ಇಂಧನ ಇಲಾಖೆಯ ಕೈಯಲ್ಲೇ ಉಳಿಯಿತು! 1980ರಲ್ಲಿ ಬರ್ಗೋಯ್ನ್ ಸಮಿತಿ ಇದನ್ನೆಲ್ಲ ಪರಿಶೀಲಿಸಿತು. ಬಹುಮತದವರು ಈಗಿರುವ ವ್ಯವಸ್ಥೆಯೇ ಇರಲಿ ಎಂದರು. ಸಮಿತಿಯಲ್ಲಿದ್ದ ಕಾರ್ಮಿಕ ಸಂಘಗಳ ಕಡೆಯವರು ಮಾತ್ರ ಒಪ್ಪದೆ ಭಿನ್ನ ಟಿಪ್ಪಣಿ ಬರೆದರು. ಅವರ ಮಾತು ಕೇಳಲು ಇನ್ನೂ ಹತ್ತು ವರ್ಷ ಹಿಡಿಯಿತು.

ಪಕ್ಕದ ನಾರ್ವೆ ಅಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. 1977ರ ಏಪ್ರಿಲ್‌ನಲ್ಲಿ ಎಕೋಫಿಸ್ಕ್ ಕ್ಷೇತ್ರದ ಬ್ರಾವೋ ಪ್ಲಾಟ್‌ಫಾರ್ಮ್‌ನಲ್ಲಿ ಬ್ಲೋಔಟ್ ಆಗಿ, ಅಂದರೆ ಬಾವಿಯ ಒತ್ತಡ ಹಿಡಿತ ತಪ್ಪಿ, ಎಂಟು ದಿನ ತೈಲ ಚಿಮ್ಮಿತು. ಬಾವಿಯ ಬಾಯಿ ಮುಚ್ಚಬೇಕಾದ ಬಿಓಪಿ ಎಂಬ ಸಾಧನವನ್ನೇ ತಲೆಕೆಳಗಾಗಿ ಕೂರಿಸಿದ್ದರು. ಅದೃಷ್ಟ, ಯಾರೂ ಸಾಯಲಿಲ್ಲ. 1980ರ ಮಾರ್ಚ್ 27ರಂದು ಅದೃಷ್ಟ ಕೈಕೊಟ್ಟಿತು. ಅಲೆಕ್ಸಾಂಡರ್ ಕೀಲ್ಯಾಂಡ್ ಅನ್ನೋದು ಕೆಲಸಗಾರರು ಮಲಗಲು ಬಳಸುತ್ತಿದ್ದ, ಐದು ಕಾಲಿನ ತೇಲುವ ರಿಗ್. ಅದರ ಒಂದು ಅಡ್ಡ ಕೊಳವೆಗೆ ಸಣ್ಣ ಉಪಕರಣ ಕೂರಿಸಲು ಒಂದು ಹಿಡಿಕೆ ಬೆಸೆದಿದ್ದರು. ಆ ಬೆಸುಗೆ ಸರಿ ಇರಲಿಲ್ಲ. ಅದರಿಂದ ಶುರುವಾದ ಬಿರುಕು ಅಲೆಯ ಏಟಿಗೆ ಬೆಳೆದೂ ಬೆಳೆದೂ ಕೊಳವೆ ಮುರಿಯಿತು, ಕಾಲೇ ಕಳಚಿಹೋಯಿತು, ಅರ್ಧ ಗಂಟೆಯೊಳಗೆ ರಿಗ್ ಮಗುಚಿತು. 212 ಜನರಲ್ಲಿ 123 ಜನ ಸತ್ತರು. ಲೈಫ್‌ಬೋಟುಗಳಿದ್ದವು. ಆದರೆ ಹಗ್ಗದ ಮೇಲೆ ಭಾರ ಇರುವಾಗ ಹುಕ್ ಬಿಚ್ಚಿಕೊಳ್ಳುತ್ತಿರಲಿಲ್ಲ, ಇಳಿಸಿದ ಬೋಟುಗಳು ಅಲೆಗೆ ರಿಗ್ಗಿನ ಕಾಲಿಗೇ ಬಡಿದು ಒಡೆದವು. ಪಟ್ಟಿಯ ಪ್ರಕಾರ ಬೋಟ್ ಇತ್ತು, ಟಿಕ್ ಕೂಡ ಬಿದ್ದಿತ್ತು. ಬಿರುಗಾಳಿಯಲ್ಲಿ ಅದು ನೀರಿಗೆ ಇಳಿಯುತ್ತಾ ಎಂದು ಕೇಳಿದವರಿಲ್ಲ.

ನಾರ್ವೆಯವರು ಇದರಿಂದ ಕಲಿತದ್ದು ಹೀಗೆ: ನಾವು ಎಷ್ಟೇ ಇನ್‌ಸ್ಪೆಕ್ಟರ್‌ಗಳನ್ನು ಕಳಿಸಿದರೂ ಒಂದೊಂದು ಬೆಸುಗೆ ನೋಡಲು ಆಗುವುದಿಲ್ಲ. ಕಂಪನಿಯೇ ತನ್ನ ಒಳಗಿನ ನಿಯಂತ್ರಣ ಹೇಗಿದೆ ಎಂದು ತೋರಿಸಲಿ, ನಾವು ಆ ವ್ಯವಸ್ಥೆ ಕೆಲಸ ಮಾಡುತ್ತಾ ಅಂತ ನೋಡೋಣ. 1981ರಲ್ಲೇ ಹೊಸ ಪ್ಲಾಟ್‌ಫಾರ್ಮ್ ವಿನ್ಯಾಸದ ಹಂತದಲ್ಲಿ ಅಪಾಯದ ಲೆಕ್ಕ ಹಾಕಿ ತೋರಿಸಿ ಎಂದು ಮಾರ್ಗಸೂಚಿ ತಂದರು. ಇದಕ್ಕೂ ಮೊದಲೇ, 1977ರ ಅವರ ದುಡಿಮೆ ಕಾನೂನಿನಲ್ಲಿ, ಕಾರ್ಮಿಕರ ಸುರಕ್ಷಾ ಪ್ರತಿನಿಧಿಗೆ ಅಪಾಯ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ಕೊಟ್ಟಿದ್ದರು. ನನಗೆ ಕೇಳಿದರೆ ಉಳಿದ ಎಲ್ಲ ಲೆಕ್ಕಾಚಾರಕ್ಕಿಂತ ಈ ಒಂದು ಅಧಿಕಾರ ದೊಡ್ಡದು.

ಈಗ ಪೈಪರ್ ಆಲ್ಫಾ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ತಮ್ಮನ ಪರ್ಮಿಟ್ ಕಥೆ ಇಲ್ಲೇ ಇದೆ.

ಸ್ಕಾಟ್‌ಲೆಂಡಿನ ಅಬರ್ಡೀನ್‌ನಿಂದ ಸುಮಾರು 120 ಮೈಲಿ ದೂರದಲ್ಲಿ ಆಕ್ಸಿಡೆಂಟಲ್ ಕಂಪನಿಯ ಪ್ಲಾಟ್‌ಫಾರ್ಮ್. ತೈಲಕ್ಕೆಂದು ಕಟ್ಟಿದ್ದು, ಆಮೇಲೆ ಗ್ಯಾಸ್ ಕೂಡ ಸೇರಿಸಿದರು. ಗ್ಯಾಸ್ ಒತ್ತುವ ಯಂತ್ರಗಳು ಕಂಟ್ರೋಲ್ ರೂಮಿನ ಹತ್ತಿರವೇ ಬಂದು ಕೂತವು. ನಡುವಿನ ಗೋಡೆಗಳು ಬೆಂಕಿ ತಡೆಯುವಂಥವು, ಸ್ಫೋಟ ತಡೆಯುವಂಥವಲ್ಲ. 1988ರ ಜುಲೈ 6ರಂದು ಕಂಡೆನ್ಸೇಟ್, ಅಂದರೆ ಗ್ಯಾಸಿನಿಂದ ಇಳಿದ ದ್ರವ ಇಂಧನವನ್ನು ತಳ್ಳುವ ಎರಡು ಪಂಪುಗಳಲ್ಲಿ ಒಂದನ್ನು, ಅಂದರೆ ಎ ಪಂಪನ್ನು, ದುರಸ್ತಿಗೆಂದು ನಿಲ್ಲಿಸಿದ್ದರು. ಅದಕ್ಕೆ ಒಂದು ಪರ್ಮಿಟ್. ಅದೇ ಪಂಪಿನ ಲೈನಿನಲ್ಲಿದ್ದ ಸೇಫ್ಟಿ ವಾಲ್ವನ್ನು ಪರೀಕ್ಷೆಗೆಂದು ಬಿಚ್ಚಿದ್ದರು. ಅದಕ್ಕೆ ಇನ್ನೊಂದು ಪರ್ಮಿಟ್. ಸಂಜೆ ಆರರ ಶಿಫ್ಟ್ ಬದಲಾವಣೆಯೊಳಗೆ ವಾಲ್ವ್ ವಾಪಸ್ ಕೂರಿಸಲು ಆಗಲಿಲ್ಲ. ಬಿಚ್ಚಿದ ಜಾಗಕ್ಕೆ ಒಂದು ಬ್ಲೈಂಡ್ ಫ್ಲ್ಯಾಂಜ್, ಅಂದರೆ ಲೋಹದ ಮುಚ್ಚಳ, ಇಟ್ಟು ಹೋದರು. ಗ್ಯಾಸ್ ಒತ್ತಡ ತಡೆಯುವಷ್ಟು ಬಿಗಿಯಾಗಿ ಅದನ್ನು ಕೂರಿಸಿರಲಿಲ್ಲ. ಕೆಲಸ ಅರ್ಧಕ್ಕೆ ನಿಂತಿದೆ ಎಂಬ ಆ ಪರ್ಮಿಟ್ ರಾತ್ರಿ ಪಾಳಿಯವರ ಕಣ್ಣಿಗೆ ಬೀಳುವ ಜಾಗದಲ್ಲಿ ಇರಲಿಲ್ಲ. ಬಾಯಿ ಮಾತಿನಲ್ಲೂ ಯಾರೂ ಹೇಳಲಿಲ್ಲ.

ರಾತ್ರಿ 9:45ರ ಹೊತ್ತಿಗೆ ಬಿ ಪಂಪ್ ನಿಂತಿತು. ಮತ್ತೆ ಶುರುವಾಗಲಿಲ್ಲ. ಬೇಗ ಒಂದು ಪಂಪ್ ಓಡದಿದ್ದರೆ ಇಡೀ ಪ್ಲಾಟ್‌ಫಾರ್ಮ್ ನಿಲ್ಲುತ್ತದೆ. ಪಾಳಿಯವರು ಎ ಪಂಪಿನ ದುರಸ್ತಿ ಪರ್ಮಿಟ್ ತೆಗೆದು ನೋಡಿದರು. ದುರಸ್ತಿ ಇನ್ನೂ ಶುರುವೇ ಆಗಿಲ್ಲ, ಅಂದರೆ ಓಡಿಸಬಹುದು ಎಂದುಕೊಂಡರು. ವಾಲ್ವ್ ಇಲ್ಲ ಅನ್ನೋ ಕಾಗದ ಬೇರೆ ಕಡೆ ಇತ್ತು. ಹತ್ತು ಗಂಟೆಗೆ ಮೊದಲ ಸ್ಫೋಟ.

ಅಲ್ಲಿಂದ ಮುಂದೆ ಒಂದಾದ ಮೇಲೊಂದು. ಕಂಟ್ರೋಲ್ ರೂಮ್ ಹೋಯಿತು. ಬೆಂಕಿಗೆ ನೀರು ಹಾಕುವ ಪಂಪುಗಳು ತಾವಾಗಿಯೇ ಓಡಲಿಲ್ಲ, ಡೈವರ್‌ಗಳು ನೀರಲ್ಲಿ ಇಳಿಯುತ್ತಾರೆಂದು ಅವನ್ನು ಮ್ಯಾನುಯಲ್‌ಗೆ ಹಾಕಿದ್ದರು. ಕೊಳವೆಗಳ ಮೂಲಕ ಪೈಪರ್‌ಗೆ ಸೇರಿಕೊಂಡಿದ್ದ ಹತ್ತಿರದ ಟಾರ್ಟನ್ ಮತ್ತು ಕ್ಲೇಮೋರ್ ಪ್ಲಾಟ್‌ಫಾರ್ಮ್‌ಗಳು ಪೈಪರ್ ಉರಿಯುವುದು ಕಾಣುತ್ತಿದ್ದರೂ ತಕ್ಷಣ ಹರಿವು ನಿಲ್ಲಿಸಲಿಲ್ಲ. ದಡದವರನ್ನು ಕೇಳದೆ ಉತ್ಪಾದನೆ ನಿಲ್ಲಿಸಲು ಅಲ್ಲಿದ್ದವರಿಗೆ ಧೈರ್ಯ ಬರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಟಾರ್ಟನ್ ಕಡೆಯ ಗ್ಯಾಸ್ ರೈಸರ್, ಅಂದರೆ ಸಮುದ್ರತಳದಿಂದ ಮೇಲಕ್ಕೆ ಏರುವ ಕೊಳವೆ, ಸಿಡಿಯಿತು. ಜನ ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ವಸತಿ ಕಟ್ಟಡಕ್ಕೆ ಹೋಗಿ ಹೆಲಿಕಾಪ್ಟರ್‌ಗೆ ಕಾದರು. ಹೆಲಿಕಾಪ್ಟರ್ ಇಳಿಯುವಂತಿರಲಿಲ್ಲ. ಒಳಗೆ ಹೊಗೆ ತುಂಬಿತು. ಬದುಕಿದವರಲ್ಲಿ ಎಷ್ಟೋ ಜನ ಕಲಿಸಿದ್ದನ್ನು ಬಿಟ್ಟು ಸಮುದ್ರಕ್ಕೆ ಹಾರಿದವರು. 167 ಜನ ಸತ್ತರು, ಅದರಲ್ಲಿ ಇಬ್ಬರು ರಕ್ಷಿಸಲು ಬೋಟಿನಲ್ಲಿ ಹೋದವರು. ಉಳಿದವರು 61 ಜನ.

ಇನ್ನೊಂದು ವಿಷಯ ಹೇಳಲೇಬೇಕು. ಇಂಧನ ಇಲಾಖೆಯ ಇನ್‌ಸ್ಪೆಕ್ಟರ್ ಅದೇ ವರ್ಷ ಜೂನ್‌ನಲ್ಲಿ, ಅಂದರೆ ದುರಂತಕ್ಕೆ ಸ್ವಲ್ಪ ದಿನ ಮೊದಲು, ಅದೇ ಪ್ಲಾಟ್‌ಫಾರ್ಮ್‌ಗೆ ಹೋಗಿ ಬಂದಿದ್ದರು. ಹಿಂದಿನ ವರ್ಷ ಅಲ್ಲಿ ಒಬ್ಬ ಕೆಲಸಗಾರ ಸತ್ತಿದ್ದ, ಅದರಲ್ಲೂ ಪರ್ಮಿಟ್ ಮತ್ತು ಪಾಳಿ ಬದಲಾವಣೆಯ ದೋಷವೇ ಕಂಡಿತ್ತು. ಆದರೂ ಭೇಟಿಯಲ್ಲಿ ದೊಡ್ಡದೇನೂ ಕಾಣಲಿಲ್ಲ. ತನಿಖೆ ನಡೆಸಿದ ಲಾರ್ಡ್ ಕಲನ್ ಈ ತಪಾಸಣೆಗಳು ಎಷ್ಟು ಮೇಲುಮೇಲಿನವು ಅಂದರೆ ಸುರಕ್ಷತೆ ಅಳೆಯಲು ಬಹುತೇಕ ಉಪಯೋಗವೇ ಇಲ್ಲ ಎಂಬ ಅರ್ಥದಲ್ಲಿ ಕಟುವಾಗಿ ಬರೆದರು.

ಕಲನ್ ನ್ಯಾಯಾಧೀಶರು, ಎಂಜಿನಿಯರ್ ಅಲ್ಲ. 180 ದಿನ ವಿಚಾರಣೆ ನಡೆಸಿ 1990ರ ನವೆಂಬರ್‌ನಲ್ಲಿ ವರದಿ ಕೊಟ್ಟರು. 106 ಶಿಫಾರಸುಗಳು. ಸರ್ಕಾರ ಎಲ್ಲವನ್ನೂ ಒಪ್ಪಿತು, ಅದೇ ಒಂದು ಅಪರೂಪ. ಅದರ ತಿರುಳು ನಾನು ಮೇಲೆ ಹೇಳಿದ ಎರಡು ಪ್ರಶ್ನೆಗಳಿಗೂ ಉತ್ತರ. ಇಂಧನ ಇಲಾಖೆಯಿಂದ ಸುರಕ್ಷತೆಯ ಕೆಲಸ ಕಿತ್ತು ಎಚ್‌ಎಸ್‌ಇಗೆ ಕೊಡಿ ಎಂದರು, 1991ರ ಏಪ್ರಿಲ್‌ನಲ್ಲಿ ಅದು ಆಯಿತು. ಇನ್ನೊಂದು ‘ಸೇಫ್ಟಿ ಕೇಸ್’. ಪ್ಲಾಟ್‌ಫಾರ್ಮ್ ನಡೆಸುವ ಕಂಪನಿಯೇ ಬರೆದು ತೋರಿಸಬೇಕು: ನಮ್ಮಲ್ಲಿ ಇಂಥಿಂಥ ದೊಡ್ಡ ಅವಘಡ ಆಗಬಹುದು, ಅದರ ಸಾಧ್ಯತೆ ಇಷ್ಟು, ತಡೆಯಲು ಇದೆಲ್ಲ ಮಾಡಿದ್ದೇವೆ, ಆಗಿಯೇ ಹೋದರೆ ಜನ ಇಲ್ಲಿ ಇಷ್ಟು ಹೊತ್ತು ಸುರಕ್ಷಿತವಾಗಿ ಇರಬಹುದು, ಆಮೇಲೆ ಹೀಗೆ ಹೊರಗೆ ಹೋಗಬಹುದು. ಇದನ್ನು ಎಚ್‌ಎಸ್‌ಇ ಓದಿ ಒಪ್ಪದಿದ್ದರೆ ಪ್ಲಾಟ್‌ಫಾರ್ಮ್ ನಡೆಸುವ ಹಾಗಿಲ್ಲ. ನಿಯಮ 1992ರಲ್ಲಿ ಬಂತು. ಆಗ ಓಡುತ್ತಿದ್ದ ಎಲ್ಲ ಪ್ಲಾಟ್‌ಫಾರ್ಮ್‌ಗಳೂ 1995ರ ನವೆಂಬರ್ ಹೊತ್ತಿಗೆ ಒಪ್ಪಿಗೆ ಪಡೆದವು.

ತಮಾಷೆ ಏನು ಗೊತ್ತಾ? ಇದು ಹೊಸ ಐಡಿಯಾ ಏನಲ್ಲ. ಇಟಲಿಯ ಸೆವೆಸೊದಲ್ಲಿ 1976ರಲ್ಲಿ ವಿಷಾನಿಲ ಹೊರಬಿದ್ದ ನಂತರ ಯುರೋಪಿನ ದೊಡ್ಡ ರಾಸಾಯನಿಕ ಕಾರ್ಖಾನೆಗಳು ಇಂಥ ವರದಿ ಕೊಡಬೇಕಿತ್ತು, ಬ್ರಿಟನ್ನಿನಲ್ಲಿ 1984ರಿಂದ ಅದು ನಿಯಮವೇ ಆಗಿತ್ತು. ದಡದ ಮೇಲಿನ ಕಾರ್ಖಾನೆಗೆ ಬೇಕು ಅನಿಸಿದ್ದು, ನೂರಾರು ಜನ ಗ್ಯಾಸಿನ ಮೇಲೆಯೇ ಮಲಗುವ ಜಾಗಕ್ಕೆ ಬೇಕು ಅನಿಸಲಿಲ್ಲ.

ಇನ್ನು ಎಷ್ಟು ಸುರಕ್ಷಿತ ಇದ್ದರೆ ಸಾಕು? ಬ್ರಿಟಿಷ್ ಕಾನೂನು ಇದಕ್ಕೆ ಅಂಕಿ ಹೇಳುವುದಿಲ್ಲ. ‘ಕಾರ್ಯಸಾಧ್ಯ ಇರುವಷ್ಟು’ ಅಪಾಯ ಕಡಿಮೆ ಮಾಡಬೇಕು ಅನ್ನುತ್ತದೆ. ಇದರ ಅರ್ಥವನ್ನು 1949ರ ಒಂದು ಕಲ್ಲಿದ್ದಲು ಗಣಿ ಮೊಕದ್ದಮೆಯಲ್ಲಿ ಕೋರ್ಟ್ ಬಿಡಿಸಿ ಹೇಳಿತ್ತು. ಇನ್ನೊಂದು ಕ್ರಮ ತೆಗೆದುಕೊಳ್ಳಲು ಆಗುವ ಖರ್ಚು, ಶ್ರಮ ಅದರಿಂದ ಸಿಗುವ ಲಾಭಕ್ಕಿಂತ ಅತಿಯಾಗಿ ಜಾಸ್ತಿ ಎಂದು ಮಾಲೀಕ ತೋರಿಸಬೇಕು. ಬರೀ ಜಾಸ್ತಿ ಆದರೆ ಸಾಲದು, ಅತಿಯಾಗಿ ಜಾಸ್ತಿ. ನಮ್ಮ ಮೀಟಿಂಗುಗಳಲ್ಲಿ ಅರ್ಧ ಜಗಳ ಈ ‘ಅತಿಯಾಗಿ’ ಮೇಲೆಯೇ ನಡೆಯುವುದು.

ಅಮೆರಿಕ ಈ ದಾರಿಗೆ ಬರಲಿಲ್ಲ. 1969ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಎದುರು ಬ್ಲೋಔಟ್ ಆಗಿ ಕಡಲತೀರವೆಲ್ಲ ಕಪ್ಪಾಯಿತು. ಅಲ್ಲಿ ನಿಯಮ ಇತ್ತು, ಆದರೆ ಬಾವಿಗೆ ಇಷ್ಟು ಆಳದವರೆಗೆ ಕೇಸಿಂಗ್, ಅಂದರೆ ಒಳಗೋಡೆಯಾಗಿ ಉಕ್ಕಿನ ಕೊಳವೆ, ಇರಬೇಕು ಎಂಬ ನಿಯಮದಿಂದ ಕಂಪನಿಗೆ ಸರ್ಕಾರಿ ಅಧಿಕಾರಿಗಳೇ ವಿನಾಯಿತಿ ಕೊಟ್ಟಿದ್ದರು. ಆಮೇಲೆ ಪಟ್ಟಿ ಇನ್ನೂ ಉದ್ದವಾಯಿತು. 1982ರಲ್ಲಿ ಎಂಎಂಎಸ್ ಎಂಬ ಸಂಸ್ಥೆ ಮಾಡಿ ಲೈಸೆನ್ಸ್ ಕೊಡುವುದು, ರಾಯಲ್ಟಿ ಎಣಿಸುವುದು, ಸುರಕ್ಷತೆ ನೋಡುವುದು ಮೂರನ್ನೂ ಅದಕ್ಕೇ ಕೊಟ್ಟರು. ಏನಾಗುತ್ತೆ ಅಂತ ನೀವೇ ಊಹಿಸಬಹುದು. 2008ರಲ್ಲಿ ಅದರ ಕೆಲವು ಸಿಬ್ಬಂದಿ ತೈಲ ಕಂಪನಿಗಳಿಂದ ಉಡುಗೊರೆ ಪಡೆದದ್ದು ಸರ್ಕಾರಿ ತನಿಖೆಯಲ್ಲೇ ಹೊರಬಂತು.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಬಿಪಿಗಾಗಿ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿ 11 ಜನ ಸತ್ತರು, 87 ದಿನ ತೈಲ ಹರಿಯಿತು. ಆ ದಿನ ಕಂಪನಿಯ ದೊಡ್ಡವರು ರಿಗ್ ಮೇಲೆಯೇ ಇದ್ದರು. ಏಳು ವರ್ಷದಿಂದ ಕೆಲಸದ ದಿನ ಕಳೆದುಕೊಳ್ಳುವಂಥ ಒಂದು ಗಾಯವೂ ಆಗಿಲ್ಲ ಎಂದು ಸಿಬ್ಬಂದಿಯನ್ನು ಹೊಗಳುವುದೂ ಆ ಭೇಟಿಯ ಒಂದು ಕಾರಣ. ಜಾರಿ ಬೀಳುವುದು, ಬೆರಳು ಕತ್ತರಿಸಿಕೊಳ್ಳುವುದು ಇವನ್ನು ಎಣಿಸಿ ಪ್ಲಾಟ್‌ಫಾರ್ಮ್ ಸುರಕ್ಷಿತ ಎಂದುಕೊಳ್ಳುವುದು ನಮ್ಮ ಉದ್ಯಮದ ಹಳೇ ರೋಗ. ಗಾಯವಿಲ್ಲದ ದಿನ ಎಣಿಸುವ ಬೋರ್ಡಿನ ಅಂಕಿ ಬಾವಿಯೊಳಗಿನ ಒತ್ತಡಕ್ಕೆ ಗೊತ್ತಿರುವುದಿಲ್ಲ. ಅವತ್ತು ಸಂಜೆ ಒತ್ತಡದ ಪರೀಕ್ಷೆ ಬಾವಿ ಸರಿಯಾಗಿ ಮುಚ್ಚಿಲ್ಲ ಎಂದು ಹೇಳುತ್ತಿತ್ತು, ಅದನ್ನು ತಪ್ಪಾಗಿ ಓದಿದರು.

ಕಾಗದದ ಬಗ್ಗೆ ಕೇಳಿದಿರಲ್ಲ, ಇಲ್ಲಿದೆ ನೋಡಿ. ತೈಲ ಸೋರಿದರೆ ಏನು ಮಾಡುತ್ತೇವೆ ಎಂದು ಬಿಪಿ ಆ ಪ್ರದೇಶಕ್ಕೆ ಕೊಟ್ಟಿದ್ದ ಯೋಜನೆಯಲ್ಲಿ ಕಾಪಾಡಬೇಕಾದ ಪ್ರಾಣಿಗಳ ನಡುವೆ ವಾಲ್‌ರಸ್ ಹೆಸರಿತ್ತು. ವಾಲ್‌ರಸ್ ಇರುವುದು ಉತ್ತರ ಧ್ರುವದ ಹಿಮದ ಕಡೆ. ಮೆಕ್ಸಿಕೋ ಕೊಲ್ಲಿಯ ಬಿಸಿ ನೀರಿನಲ್ಲಿ ಅದಕ್ಕೇನು ಕೆಲಸ? ಯಾರೋ ಬೇರೆ ಕಡೆಯ ದಾಖಲೆಯಿಂದ ನಕಲು ಮಾಡಿದ್ದಾರೆ, ಕಂಪನಿಯಲ್ಲಿ ಯಾರೂ ಓದಿಲ್ಲ, ಸರ್ಕಾರದಲ್ಲೂ ಯಾರೂ ಓದದೆ ಒಪ್ಪಿಗೆ ಕೊಟ್ಟಿದ್ದಾರೆ. ಸೇಫ್ಟಿ ಕೇಸ್ ಪದ್ಧತಿಯಲ್ಲೂ ಈ ಅಪಾಯ ಇದ್ದೇ ಇದೆ. ಸಲಹೆಗಾರರಿಗೆ ದುಡ್ಡು ಕೊಟ್ಟು ಸಾವಿರ ಪುಟ ಬರೆಸಿ ಕಪಾಟಿನಲ್ಲಿಟ್ಟರೆ ಅದೂ ವಾಲ್‌ರಸ್ಸೇ.

ಈ ದುರಂತದ ನಂತರ ಅಮೆರಿಕ ಎಂಎಂಎಸ್ ಒಡೆಯಿತು. 2011ರ ಅಕ್ಟೋಬರ್‌ನಿಂದ ಸುರಕ್ಷತೆಗೆ ಬಿಎಸ್‌ಇಇ, ಲೈಸೆನ್ಸಿಗೆ ಬೇರೆ ಸಂಸ್ಥೆ, ರಾಯಲ್ಟಿಗೆ ಇನ್ನೊಂದು ಕಚೇರಿ. ಅಲ್ಲಿವರೆಗೆ ಬೇಕಾದರೆ ಮಾಡಿ ಎಂದಿದ್ದ ಸುರಕ್ಷತಾ ನಿರ್ವಹಣಾ ವ್ಯವಸ್ಥೆಯನ್ನು ಕಡ್ಡಾಯ ಮಾಡಿದರು. ನಾರ್ವೆ 2004ರಲ್ಲೇ ಸುರಕ್ಷತೆಯ ಸಂಸ್ಥೆಯನ್ನು ತೈಲ ಸಂಪನ್ಮೂಲದ ಸಂಸ್ಥೆಯಿಂದ ಬೇರೆ ಮಾಡಿ ಮುಗಿಸಿತ್ತು. ಯುರೋಪಿಯನ್ ಒಕ್ಕೂಟ 2013ರಲ್ಲಿ ತನ್ನ ಎಲ್ಲ ದೇಶಗಳಿಗೂ ಇದೇ ಮಾತು ಹೇಳಿತು.

ಈಗ ನಮ್ಮ ಕಡೆ. ಮುಂಬೈ ಹೈನಲ್ಲಿ ತೈಲ ಸಿಕ್ಕಿದ್ದು 1974ರಲ್ಲಿ, ಉತ್ಪಾದನೆ ಶುರುವಾದದ್ದು 1976ರಲ್ಲಿ. ನೆಲದ ಮೇಲಿನ ತೈಲ ಬಾವಿಗಳಿಗೆ ಗಣಿ ಸುರಕ್ಷತೆಯ ಕಾನೂನು ಇತ್ತು. ಪೆಟ್ರೋಲಿಯಂ ಸಚಿವಾಲಯದ ಕೆಳಗೆ 1986ರಲ್ಲಿ ಓಐಎಸ್‌ಡಿ, ಅಂದರೆ ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ, ಬಂತು, ಮಾನದಂಡಗಳನ್ನು ಬರೆಯಿತು, ಆಡಿಟ್ ಮಾಡಿತು. ಆದರೆ ಸಮುದ್ರಕ್ಕೆಂದೇ ಮಾಡಿದ, ಕಾನೂನಿನ ಬಲ ಇರುವ ಸಮಗ್ರ ಸುರಕ್ಷಾ ನಿಯಮ ಮೂರು ದಶಕ ಇರಲಿಲ್ಲ.

2005ರ ಜುಲೈ 26ರ ಮುಂಬೈ ಮಳೆ ಎಲ್ಲರಿಗೂ ನೆನಪಿದೆ. ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಾರನೇ ದಿನ, ಅಂದರೆ 27ರಂದು, ಸಮುದ್ರದಲ್ಲಿ ‘ಸಮುದ್ರ ಸುರಕ್ಷಾ’ ಎಂಬ ಸಹಾಯಕ ಹಡಗಿನ ಅಡುಗೆಯವರೊಬ್ಬರ ಬೆರಳಿಗೆ ಗಾಯವಾಗಿತ್ತು. ಆ ಹವೆಯಲ್ಲಿ ಹೆಲಿಕಾಪ್ಟರ್ ಬರುವಂತಿರಲಿಲ್ಲ. ಅವರನ್ನು ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮ್‌ಗೆ ಸಾಗಿಸಲು ಹಡಗು ಹತ್ತಿರ ಬಂತು. ಹಡಗನ್ನು ನಿಂತ ಜಾಗದಲ್ಲಿ ಹಿಡಿದಿಡುವ ಥ್ರಸ್ಟರ್ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಅಲೆ ಜೋರಾಗಿತ್ತು. ಹಡಗಿನ ಹೆಲಿಡೆಕ್ ಹೋಗಿ ಪ್ಲಾಟ್‌ಫಾರ್ಮ್‌ನ ರೈಸರ್‌ಗೆ ಬಡಿಯಿತು. ಗ್ಯಾಸ್ ಸೋರಿತು, ಬೆಂಕಿ ಹತ್ತಿತು, ಪಕ್ಕದ ರೈಸರ್‌ಗಳಿಗೂ ಹಬ್ಬಿತು. ಸುಮಾರು ಎರಡು ಗಂಟೆಯಲ್ಲಿ ಪ್ಲಾಟ್‌ಫಾರ್ಮ್ ಇರಲಿಲ್ಲ. 22 ಜನ ಹೋದರು. ನೌಕಾಪಡೆ, ಕರಾವಳಿ ಕಾವಲು ಪಡೆ ಮತ್ತು ಸುತ್ತಲಿನ ಹಡಗುಗಳು ಸೇರಿ 362 ಜನರನ್ನು ಆ ಸಮುದ್ರದಿಂದ ಎತ್ತಿದ್ದು ಸಣ್ಣ ಮಾತಲ್ಲ.

ಪೈಪರ್ ಆಲ್ಫಾದಲ್ಲಿ ಪ್ಲಾಟ್‌ಫಾರ್ಮನ್ನು ಮುಗಿಸಿದ್ದು ಗ್ಯಾಸ್ ರೈಸರ್‌ಗಳು. ಅದಾಗಿ ಹದಿನೇಳು ವರ್ಷದ ನಂತರ ಇಲ್ಲೂ ಅದೇ ರೈಸರ್. ಹಡಗು ಬಂದು ಬಡಿಯಬಹುದಾದ ಕಡೆ ರೈಸರ್ ಇದ್ದರೆ ಏನಾಗುತ್ತದೆ ಎಂಬುದು ಸೇಫ್ಟಿ ಕೇಸ್‌ನಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು. ಈ ಅಪಘಾತದ ನಂತರವೇ, 2008ರ ಜೂನ್‌ನಲ್ಲಿ, ಸಮುದ್ರದ ತೈಲ ಕೆಲಸಗಳ ಸುರಕ್ಷತೆಗೆ ಪ್ರತ್ಯೇಕ ನಿಯಮಗಳು ಬಂದವು. ಓಐಎಸ್‌ಡಿಗೆ ಅಧಿಕಾರ ಕೊಟ್ಟರು. ಈಗ ಕಂಪನಿ ಅಪಾಯಗಳನ್ನು ಅಂದಾಜು ಮಾಡಿ, ನಿರ್ವಹಣಾ ವ್ಯವಸ್ಥೆ ತೋರಿಸಿ, ಒಪ್ಪಿಗೆ ಪಡೆದೇ ಕೆಲಸ ಮಾಡಬೇಕು. ನಿಮ್ಮ ತಮ್ಮನ ಟ್ರೈನಿಂಗೂ ಪರ್ಮಿಟ್ಟೂ ಈ ನಿಯಮಗಳ ನೆರಳಲ್ಲೇ ಇವೆ.

ಸಾಬೀತು ಮಾಡುವ ಹೊಣೆ ಯಾರದು ಎಂಬ ಮೊದಲ ಪ್ರಶ್ನೆಯಲ್ಲಿ ನಾವು ದಾರಿಗೆ ಬಂದಿದ್ದೇವೆ. ಅಧಿಕಾರಿ ಯಾರ ಕೈಕೆಳಗೆ ಎಂಬ ಎರಡನೆಯದರಲ್ಲಿ ಇಲ್ಲ. ಓಐಎಸ್‌ಡಿಯಲ್ಲಿ ಒಳ್ಳೆಯ ಎಂಜಿನಿಯರ್‌ಗಳಿದ್ದಾರೆ, ಅವರ ಮಾನದಂಡಗಳೂ ಚೆನ್ನಾಗಿವೆ. ಆದರೆ ಉತ್ಪಾದನೆ ಯಾಕೆ ಕಡಿಮೆಯಾಯಿತು ಎಂದು ಕೇಳುವ ಸಚಿವಾಲಯದ ಕೆಳಗೇ ಅದು ಇದೆ. ಬ್ರಿಟನ್ 1991ರಲ್ಲಿ, ನಾರ್ವೆ 2004ರಲ್ಲಿ, ಅಮೆರಿಕ 2011ರಲ್ಲಿ ಬಿಡಿಸಿಕೊಂಡ ಗಂಟು ಅದು. ನಾವೂ ಬಿಡಿಸಬೇಕು, ಅದಕ್ಕೆ ಇನ್ನೊಂದು ಬೆಂಕಿಗೆ ಕಾಯಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ. ತೈಲ ಗೊತ್ತಿರುವ ಜನ ತೈಲ ಸಚಿವಾಲಯದಲ್ಲೇ ಸಿಗುವುದು ಅನ್ನುತ್ತಾರೆ. ಇದೇ ಧಾಟಿಯ ವಾದ 1980ರಲ್ಲಿ ಲಂಡನ್ನಿನಲ್ಲೂ ಕೇಳಿಬಂದಿತ್ತು.

ಇನ್ನೊಂದು ತೂತು ಉಳಿದಿದೆ. 2021ರ ಮೇ 17ರಂದು ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಮುಂಬೈ ಹೈ ಹತ್ತಿರ ಪಿ305 ಎಂಬ ವಸತಿ ಬಾರ್ಜ್ ಮುಳುಗಿತು. ಮೇಲಿದ್ದ 261 ಜನರಲ್ಲಿ 70ಕ್ಕೂ ಹೆಚ್ಚು ಜನ ಸತ್ತರು. ಅದೇ ಚಂಡಮಾರುತದಲ್ಲಿ ನಿಮ್ಮ ಕಾಪು ಕಡೆ ಬಂಡೆಗೆ ಸಿಕ್ಕಿದ್ದ ಟಗ್ಗಿನಿಂದ ಒಂಬತ್ತು ಜನರನ್ನು ರಕ್ಷಿಸಿದ್ದು ನೀವೇ ನೋಡಿರಬಹುದು. ಪಿ305ರವರ ಕೆಲಸ ಪ್ಲಾಟ್‌ಫಾರ್ಮ್‌ನದು, ಆದರೆ ಜನ ಇದ್ದದ್ದು ಗುತ್ತಿಗೆದಾರರ ಬಾರ್ಜ್‌ನಲ್ಲಿ. ಬಾರ್ಜ್ ಅಂದರೆ ಹಡಗು, ಹಡಗಿಗೆ ಬೇರೆ ಇಲಾಖೆ, ಬೇರೆ ನಿಯಮ. ಬಿರುಗಾಳಿ ಬರುತ್ತಿದೆ ಎಂದು ಹವಾಮಾನ ಇಲಾಖೆ ದಿನಗಟ್ಟಲೆ ಮೊದಲೇ ಹೇಳಿದ್ದರೂ ಬಾರ್ಜ್ ಅಲ್ಲೇ ಉಳಿದಿತ್ತು. ದಡಕ್ಕೆ ಬನ್ನಿ ಎಂದು ಆಜ್ಞೆ ಮಾಡುವ ಹೊಣೆ ಕಂಪನಿಯದಾ, ಗುತ್ತಿಗೆದಾರನದಾ, ಬಾರ್ಜ್ ಮಾಲೀಕನದಾ, ಕ್ಯಾಪ್ಟನ್‌ದಾ ಎಂಬ ಜಗಳ ಜನ ಸತ್ತ ಮೇಲೆ ಶುರುವಾಯಿತು. ಸೀ ಜೆಮ್ ತನಿಖೆ 1967ರಲ್ಲಿ ಕೇಳಿದ ಪ್ರಶ್ನೆಯೂ ಇದೇ ಅಲ್ವಾ, ಇಲ್ಲಿ ಯಜಮಾನ ಯಾರು ಅಂತ?

ಹಾಗಾದರೆ ನಿಮ್ಮ ತಮ್ಮನ ಪರ್ಮಿಟ್ ಕಾಗದಾನಾ? ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ, ಅವರೇ ನೋಡಬೇಕು. ಮುಂದಿನ ಸಲ ರಜೆಗೆ ಬಂದಾಗ ಕೇಳಿ. ಕೆಲಸ ಅರ್ಧಕ್ಕೆ ನಿಂತರೆ ಆ ಪರ್ಮಿಟ್ ಎಲ್ಲಿ ತೂಗುಹಾಕುತ್ತಾರೆ, ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಅದು ಕಾಣುತ್ತಾ? ಒಂದೇ ಯಂತ್ರದ ಮೇಲೆ ಎರಡು ಪರ್ಮಿಟ್ ಇದ್ದರೆ ಒಂದರಲ್ಲಿ ಇನ್ನೊಂದರ ನಂಬರ್ ಬರೆಯುತ್ತಾರಾ? ಸಹಿ ಹಾಕುವವರು ಜಾಗಕ್ಕೆ ಬಂದು ನೋಡಿ ಸಹಿ ಹಾಕುತ್ತಾರಾ, ಇಲ್ಲ ಚಹಾ ಕುಡಿಯುತ್ತಾ ಹತ್ತು ಕಾಗದಕ್ಕೆ ಒಟ್ಟಿಗೆ ಹಾಕುತ್ತಾರಾ? ಯಾಕೋ ಸರಿ ಕಾಣ್ತಿಲ್ಲ ಎಂದು ಅವನು ಕೆಲಸ ನಿಲ್ಲಿಸಿದರೆ ಸೂಪರ್‌ವೈಸರ್ ಏನನ್ನುತ್ತಾರೆ? ಗುತ್ತಿಗೆ ಹುಡುಗ ನಿಲ್ಲಿಸಿದರೂ ಅದನ್ನೇ ಅನ್ನುತ್ತಾರಾ? ಇವಕ್ಕೆ ಸರಿಯಾದ ಉತ್ತರ ಬಂದರೆ ಆ ಕಾಗದಕ್ಕೆ ಬೆಲೆ ಇದೆ. ಬರದಿದ್ದರೆ ಸುರಕ್ಷಾ ಸಮಿತಿಯ ಸಭೆಯಲ್ಲಿ ಎತ್ತಿ, ನಡಾವಳಿಯಲ್ಲಿ ಬರೆಸಲು ಹೇಳಿ. ಬಾಯಿ ಮಾತಿಗೆ ಬಿಡುವುದು ಬೇಡ.